ಕನ್ನಡಿ ಹಾಳಾಗುವುದು ಹಿಂದಿನಿಂದ

ನಮ್ಮ ಬಚ್ಚಲುಮನೆಯ ಕನ್ನಡಿಯ ಕೆಳಗಿನ ಅಂಚು ಕಪ್ಪಾಗತೊಡಗಿ ವರ್ಷಗಳೇ ಆಗಿದ್ದವು. ಮೊದಲು ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಾಣಿಸಿತು. ಆಮೇಲೆ ಅಂಚಿನುದ್ದಕ್ಕೂ ಹಬ್ಬಿತು. ಆಮೇಲೆ ನಿಧಾನಕ್ಕೆ ಮೇಲೇರತೊಡಗಿತು. ಮನೆಗೆ ಬಂದ ನೆಂಟರಲ್ಲಿ ಒಬ್ಬರಾದರೂ ಕೈ ತೊಳೆದು ಹೊರಗೆ ಬಂದವರೇ "ಪಾದರಸ ಹೋಗಿದೆಯಲ್ಲ, ಬದಲಾಯಿಸಿಬಿಡಿ" ಅನ್ನುತ್ತಿದ್ದರು. ಬದಲಾಯಿಸುವುದು ಕಷ್ಟವೇನಲ್ಲ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಗಾಜಿನ ಮೇಲೆ ಒಂದು ಗೀರೂ ಇಲ್ಲ. ಮನೆಯಲ್ಲಿ ಇಷ್ಟು ಸಲ ಒರೆಸಿಕೊಳ್ಳುವ ವಸ್ತು ಇನ್ನೊಂದಿಲ್ಲ. ಹಾಗಿದ್ದೂ ಬಚ್ಚಲಿನ ಕನ್ನಡಿ ಹತ್ತು ಹದಿನೈದು ವರ್ಷಕ್ಕೆ ಹೀಗಾಗುತ್ತದೆ. ಊರಿನ ಮನೆಯ ಜಗಲಿಯ ಕನ್ನಡಿ ನನಗಿಂತ ದೊಡ್ಡ ವಯಸ್ಸಿನದು, ಇನ್ನೂ ಚೆನ್ನಾಗಿ ಮುಖ ತೋರಿಸುತ್ತಿದೆ. ಯಾಕೆ ಹೀಗೆ?

ಇದಕ್ಕೆ ಉತ್ತರ ಮುಂದೆ ನಿಂತು ನೋಡಿದರೆ ಸಿಗುವುದಿಲ್ಲ. ಕನ್ನಡಿಯನ್ನು ಗೋಡೆಯಿಂದ ಇಳಿಸಿ, ತಿರುಗಿಸಿ ನೋಡಬೇಕು.

ಹಿಂಬದಿಯ ಬೆಳ್ಳಿ

ಕನ್ನಡಿಗೆ ಉಗುರಿನ ತುದಿ ತಾಗಿಸಿ ನೋಡಿ. ಉಗುರಿಗೂ ಅದರ ಬಿಂಬಕ್ಕೂ ನಡುವೆ ಸಣ್ಣ ಅಂತರ ಕಾಣುತ್ತದೆ. ಗಾಜಿನ ದಪ್ಪದಿಂದ ಬಂದ ಅಂತರ ಅದು. ಅಂದರೆ ನಮ್ಮ ಮುಖ ತೋರಿಸುತ್ತಿರುವುದು ನಾವು ಒರೆಸುವ ಗಾಜಲ್ಲ, ಅದರ ಬೆನ್ನಿಗಿರುವ ಬೆಳ್ಳಿ. ಒಳ್ಳೆಯ ಕನ್ನಡಿಯಾದರೆ ಗಾಜಿನ ಹಿಂದೆ ಮೊದಲು ಬೆಳ್ಳಿಯ ತೆಳು ಪದರ, ಅದನ್ನು ಕಾಯಲು ಹಲವು ಕನ್ನಡಿಗಳಲ್ಲಿ ತಾಮ್ರದ ಇನ್ನೊಂದು ಪದರ, ಅದರ ಮೇಲೆ ಬಣ್ಣ. ಬೆಳ್ಳಿ ಎಷ್ಟು ತೆಳು ಅಂದರೆ ಒಂದು ಚದರ ಮೀಟರಿನಷ್ಟು ದೊಡ್ಡ ಕನ್ನಡಿಗೂ ಒಂದು ಗ್ರಾಂ ಆಸುಪಾಸಿನಷ್ಟು ಸಾಕು. ಅಗ್ಗದ ಕನ್ನಡಿಗಳಲ್ಲಿ ಬೆಳ್ಳಿಯ ಜಾಗದಲ್ಲಿ ಅಲ್ಯೂಮಿನಿಯಂ ಇರುತ್ತದೆ.

ನಮ್ಮ ನೆಂಟರು ಹೇಳುವ ಪಾದರಸದ ಮಾತೂ ಸುಳ್ಳಲ್ಲ, ಹಳೆಯದು ಅಷ್ಟೇ. ಒಂದು ಕಾಲದಲ್ಲಿ ಯುರೋಪಿನಲ್ಲಿ ತವರದ ತೆಳು ಹಾಳೆಯ ಮೇಲೆ ಪಾದರಸ ಸುರಿದು, ಅದರ ಮೇಲೆ ಗಾಜು ಒತ್ತಿ ಕನ್ನಡಿ ಮಾಡುತ್ತಿದ್ದರು. ಪಾದರಸದ ಆವಿ ಕುಡಿದು ಆ ಕೆಲಸಗಾರರು ಕಾಯಿಲೆ ಬೀಳುತ್ತಿದ್ದರು. 1835ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ ಗಾಜಿನ ಮೇಲೆ ಬೆಳ್ಳಿ ಕೂರಿಸುವ ಬಗೆ ಕಂಡುಕೊಂಡರು. ಕಾರ್ಖಾನೆಗಳು ಆ ದಾರಿ ಹಿಡಿದ ಮೇಲೆ ಪಾದರಸದ ಕಾಲ ಮುಗಿಯಿತು. ಈಗ ನಮ್ಮ ಮನೆಯ ಕನ್ನಡಿಯಲ್ಲಿ ಪಾದರಸದ ಒಂದು ಹನಿಯೂ ಇಲ್ಲ.

ಬೆಳ್ಳಿ ಅಂದ ಮೇಲೆ ಅದು ಕಪ್ಪಾಗುವುದು ಯಾಕೆ ಎಂದು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಬ್ಬದ ಹಿಂದಿನ ದಿನ ದೇವರ ಮನೆಯ ಬೆಳ್ಳಿ ದೀಪ, ಕುಂಕುಮ ಭರಣಿ ಎಲ್ಲ ತೆಗೆದು ವಿಭೂತಿ ಹಾಕಿ ಉಜ್ಜುತ್ತೇವಲ್ಲ, ಅದೇ ಬೆಳ್ಳಿ ಇದು. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿದರೆ ಕಪ್ಪಾಗುತ್ತದೆ, ತೇವ ಸೇರಿದರೆ ಇನ್ನೂ ಬೇಗ. ದೀಪವನ್ನಾದರೆ ಉಜ್ಜಬಹುದು. ಕನ್ನಡಿಯ ಬೆಳ್ಳಿಯನ್ನು ಮುಂದಿನಿಂದ ಮುಟ್ಟಲು ಗಾಜು ಅಡ್ಡ. ಹಿಂದಿನಿಂದ ಉಜ್ಜಿದರೆ ಇದ್ದದ್ದೂ ಎದ್ದು ಬರುತ್ತದೆ.

ಬೇಲೂರಿನ ದರ್ಪಣ ಸುಂದರಿಯನ್ನು ನೋಡಿದವರಿಗೆ ಆಕೆಯ ಕೈಯ ಕನ್ನಡಿ ನೆನಪಿರುತ್ತದೆ. ವಿಷ್ಣುವರ್ಧನ ಆ ದೇವಸ್ಥಾನ ಕಟ್ಟಿಸಿದ್ದು 1117ರಲ್ಲಿ. ಆ ಕಾಲದ ಕನ್ನಡಿ ಅಂದರೆ ಉಜ್ಜಿ ಹೊಳಪು ತಂದ ಲೋಹ. ಕೇರಳದ ಆರನ್ಮುಳದಲ್ಲಿ ಇವತ್ತಿಗೂ ತಾಮ್ರ, ತವರ ಬೆರೆಸಿ ಅಂಥ ಕನ್ನಡಿ ಮಾಡುತ್ತಾರೆ. ಉಗುರು ತಾಗಿಸಿದರೆ ಅಂತರವೇ ಇಲ್ಲ, ಉಗುರೂ ಬಿಂಬವೂ ಕೂಡುತ್ತವೆ. ಆ ಕನ್ನಡಿ ಮಾಸುವುದು ಮುಂದೆಯೇ, ಸರಿಮಾಡುವುದೂ ಮುಂದೆಯೇ. ಗಾಜು ಬಂದ ಮೇಲೆ ಹಾಳಾಗುವ ಜಾಗ ನಮ್ಮ ಕಣ್ಣಿಗೆ ಕಾಣದ ಕಡೆ ಹೋಯಿತು. ನಮ್ಮ ಕೈ ಮಾತ್ರ ಇನ್ನೂ ಮುಂದೆಯೇ ಒರೆಸುತ್ತಿದೆ.

ಜಗಲಿಯ ಕಂಬ

ನಮ್ಮ ಊರು ಮಲೆನಾಡಿನ ಸಾಗರದ ಕಡೆ. ಮಳೆಗಾಲದಲ್ಲಿ ಡಬ್ಬಿಯೊಳಗಿನ ಹಪ್ಪಳವೂ ಮೆತ್ತಗಾಗುವ ಸೀಮೆ. ಅಲ್ಲಿ ಬಚ್ಚಲು ಅಂದರೆ ಮೂಲೆಯಲ್ಲಿ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ, ಹೊಗೆ ಹಿಡಿದ ಗೋಡೆ, ಒಂದು ಸಣ್ಣ ಕಿಂಡಿ. ಅಲ್ಲಿ ಕನ್ನಡಿ ಇಡುವ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಕನ್ನಡಿ ಇದ್ದದ್ದು ಜಗಲಿಯ ಕಂಬದ ಮೇಲೆ. ಮರದ ಚೌಕಟ್ಟು, ಹಿಂದೆ ರಟ್ಟು. ಮೇಲಿನ ಮೊಳೆಗೆ ಹುರಿಯಿಂದ ಕಟ್ಟಿದ್ದರು. ಹಾಗಾಗಿ ಮೇಲ್ಭಾಗ ಕಂಬದಿಂದ ದೂರ ನಿಂತು, ಕನ್ನಡಿ ಸ್ವಲ್ಪ ಮುಂದಕ್ಕೆ ಬಾಗಿರುತ್ತಿತ್ತು. ಆ ಸಂದಿನಲ್ಲಿ ಮನೆಯವರೆಲ್ಲ ಏನೇನೋ ಸಿಕ್ಕಿಸುತ್ತಿದ್ದರು. ಬಾಚಣಿಗೆ, ಬ್ಲೇಡಿನ ಪೊಟ್ಟಣ, ಓದಿ ಮುಗಿದ ಇನ್‌ಲ್ಯಾಂಡ್ ಪತ್ರ, ಕೆಲವು ಸಲ ಕರೆಂಟ್ ಬಿಲ್ಲು.

ಅಪ್ಪಯ್ಯ ಶೇವಿಂಗ್ ಮಾಡಿಕೊಳ್ಳುತ್ತಿದ್ದುದು ಅಲ್ಲೇ. ಬೆಳಿಗ್ಗೆ ಕಾಫಿ ಆದ ಮೇಲೆ, ಅಂಗಳದ ಬೆಳಕು ಸರಿಯಾಗಿ ಮುಖಕ್ಕೆ ಬೀಳುವ ಹೊತ್ತಿಗೆ, ಒಂದು ಚೊಂಬು ಬಿಸಿನೀರು ತರಿಸಿಕೊಂಡು ನಿಲ್ಲುತ್ತಿದ್ದರು. ನಾನು ಜಗಲಿಯ ಅಂಚಿನಲ್ಲಿ ಕೂತು ಅವರ ಮುಖವನ್ನು ಎರಡು ಕಡೆಯಿಂದ ನೋಡುತ್ತಿದ್ದೆ, ಅರ್ಧ ಅವರದು, ಅರ್ಧ ಕನ್ನಡಿಯದು. ಗಲ್ಲದ ಕೆಳಗೆ ಬ್ಲೇಡು ಬರುವಾಗ ಮಾತಾಡಬಾರದು ಎಂದು ಗೊತ್ತಿತ್ತು. ಮುಗಿದ ಮೇಲೆ ಹೆಗಲ ಮೇಲಿನ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ಅದೇ ತುದಿಯಿಂದ ಕನ್ನಡಿಗೆ ಸಿಡಿದ ನೊರೆ ಒರೆಸುತ್ತಿದ್ದರು. ಅಷ್ಟೇ ಅದಕ್ಕೆ ಸಿಗುತ್ತಿದ್ದ ಆರೈಕೆ. ಅವರು ಅತ್ತ ಹೋದ ಮೇಲೆ ಗುಬ್ಬಿಗಳು ಬಂದು ತಮ್ಮ ಬಿಂಬವನ್ನು ಕುಕ್ಕುತ್ತಿದ್ದವು.

ಆ ಕನ್ನಡಿಗೂ ಕಲೆಗಳಿವೆ, ಇಲ್ಲ ಅಂತಲ್ಲ. ಅಷ್ಟು ಮಳೆಗಾಲ ಕಂಡ ಮೇಲೆ ಇರದೆ ಇರುತ್ತದೆಯೇ. ಆದರೆ ಅಂಚಿನಿಂದ ಒಳಕ್ಕೆ ನುಗ್ಗುವ ಕಪ್ಪು ಅದಕ್ಕಿಲ್ಲ. ನನಗೆ ಈಗ ಅನಿಸುವುದು ಇದು: ಬಾಚಣಿಗೆ ಸಿಕ್ಕಿಸುತ್ತಿದ್ದ ಆ ಸಂದೇ ಅದನ್ನು ಉಳಿಸಿತು. ಅಲ್ಲಿ ಗಾಳಿ ಆಡುತ್ತಿತ್ತು. ಒದ್ದೆಯಾದದ್ದು ಎರಡೂ ಕಡೆಯಿಂದ ಒಣಗುತ್ತಿತ್ತು.

ನಾವು ಕನ್ನಡಿಯನ್ನು ಕೂರಿಸುವ ರೀತಿ

ನಮ್ಮ ಬೆಂಗಳೂರಿನ ಮನೆಯಲ್ಲಿ ಬಚ್ಚಲಿನ ಕನ್ನಡಿ ನಾಲ್ಕು ಮೂಲೆಗೆ ನಾಲ್ಕು ತೂತು ಕೊರೆದು, ಸ್ಕ್ರೂ ಹಾಕಿ, ಟೈಲ್ಸಿಗೆ ಒತ್ತಿ ಕೂರಿಸಿದ್ದು. ಕೆಳಗೆ ಟೈಲ್ಸಿನ ಅಂಚಿಗೂ ಕನ್ನಡಿಗೂ ನಡುವೆ ಇದ್ದ ಸಂದಿಗೆ ಮೇಸ್ತ್ರಿ ನೀಟಾಗಿ ಬಿಳಿ ಸಿಮೆಂಟ್ ತುಂಬಿಕೊಟ್ಟಿದ್ದರು. ನೋಡಲು ಚೆಂದವಾಗಿತ್ತು. ಬಹಳ ಮನೆಗಳಲ್ಲಿ ಹೀಗೇ ಮಾಡುತ್ತಾರೆ. ಆದರೆ ಕನ್ನಡಿಯ ಮೇಲೆ ಬಿದ್ದ ನೀರೆಲ್ಲ ಕೆಳಗಿಳಿದು ಆ ಸಿಮೆಂಟಿನ ಮೇಲೆ ನಿಲ್ಲುತ್ತದೆ, ಅಲ್ಲಿಂದ ಸಂದಿನಲ್ಲಿ ಹಿಂದಕ್ಕೆ ಹೀರಿಕೊಳ್ಳುತ್ತದೆ. ಬಣ್ಣದ ಪದರ ಬೆನ್ನನ್ನು ಕಾಯುತ್ತದೆ ನಿಜ, ಗಾಜನ್ನು ಕತ್ತರಿಸಿದ ಅಂಚಿನಲ್ಲಿ ಬೆಳ್ಳಿ ಬರಿಮೈಯಲ್ಲಿ ನಿಂತಿರುತ್ತದೆ. ತೇವ ಒಳಗೆ ಹೋಗುವುದು ಅಲ್ಲಿಂದ. ಸ್ಕ್ರೂ ತೂತಿನ ಸುತ್ತ ಕಪ್ಪು ಉಂಗುರ ಕಾಣುವುದೂ ಇದೇ ಕಾರಣಕ್ಕೆ. ತೂತೂ ಒಂದು ಅಂಚೇ.

ಸ್ವಚ್ಛ ಮಾಡುವ ನಮ್ಮ ರೀತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಸ್ಪ್ರೇ ಬಾಟಲಿ ಹಿಡಿದು ಕನ್ನಡಿಗೆ ನೇರವಾಗಿ ಹೊಡೆದರೆ ಅರ್ಧ ದ್ರವ ಕೆಳಗೆ ಹರಿದು ಅಂಚಿಗೆ ಸೇರುತ್ತದೆ. ಅದರಲ್ಲಿ ಅಮೋನಿಯ ಇದ್ದರೆ ತಾಮ್ರ, ಬೆಳ್ಳಿ ಎರಡಕ್ಕೂ ಕೇಡು. ಅದಕ್ಕಿಂತ ಕೆಟ್ಟದ್ದು ಟೈಲ್ಸ್ ತೊಳೆಯುವ ಆಸಿಡ್. ಬೋರ್‌ವೆಲ್ ನೀರಿನ ಉಪ್ಪು ಕಲೆ ಹೋಗಲಿ ಎಂದು ಆಸಿಡ್ ಸುರಿದು, ಬಾಗಿಲು ಎಳೆದುಕೊಂಡು ಹೊರಗೆ ಬರುತ್ತೇವೆ. ಆ ಹೊಗೆ ಒಳಗೇ ಸುತ್ತುತ್ತಾ ಕನ್ನಡಿಯ ಅಂಚು ಹುಡುಕಿಕೊಳ್ಳುತ್ತದೆ. ಬ್ಲೀಚಿಂಗ್ ಪೌಡರ್ ಕೂಡ ಹಾಗೇ. ಮೂಗಿಗೆ ಘಾಟು ಹೊಡೆಯುವ ಯಾವುದೂ ಕನ್ನಡಿಗೆ ಒಳ್ಳೆಯದಲ್ಲ ಎಂದು ತಿಳಿದರೆ ಸಾಕು.

ಇಳಿಸಿದೆವು

ಒಂದು ಭಾನುವಾರ ನಾನೂ ನನ್ನ ಗಂಡನೂ ಸೇರಿ ಅದನ್ನು ಇಳಿಸಿದೆವು. ಮೊದಲು ಮುಂಭಾಗಕ್ಕೆ ಅಡ್ಡಡ್ಡ ಅಗಲದ ಟೇಪ್ ಅಂಟಿಸಿದೆ, ಒಡೆದರೂ ಚೂರು ಚೆಲ್ಲದಿರಲಿ ಎಂದು. ಕಾಲಿಗೆ ಚಪ್ಪಲಿ, ಕೈಗೆ ದಪ್ಪ ಗ್ಲೌಸ್. ಹಳೆ ಚಾಕುವಿನಿಂದ ಬಿಳಿ ಸಿಮೆಂಟನ್ನು ಸ್ವಲ್ಪ ಸ್ವಲ್ಪವೇ ಕೆರೆದು ತೆಗೆದು, ಆಮೇಲೆ ಸ್ಕ್ರೂ ಬಿಚ್ಚಿದೆವು. ಹಿಂದೆ ಟೈಲ್ಸಿನ ಮೇಲೆ ಬೂಷ್ಟು ಕಟ್ಟಿತ್ತು. ಕನ್ನಡಿಯ ಬೆನ್ನಿನ ಬೂದು ಬಣ್ಣ ಮೇಲೆಲ್ಲ ಹೊಸದರಂತೆ ಗಟ್ಟಿಯಾಗಿತ್ತು. ಕೆಳಗೆ ಮಾತ್ರ ಗುಳ್ಳೆ ಎದ್ದು, ಹೊಪ್ಪಳಿಕೆಯಾಗಿ ನಿಂತಿತ್ತು. ಗುಳ್ಳೆ ಕಂಡರೆ ಕೈ ಸುಮ್ನೆ ಇರುವುದಿಲ್ಲ, ಕೀಳೋಣ ಅನಿಸುತ್ತದೆ. ಕೀಳಬಾರದು. ಬಣ್ಣದ ಜೊತೆ ಒಳ್ಳೆಯ ಬೆಳ್ಳಿಯೂ ಬರುತ್ತದೆ. ನೆರಳಿನಲ್ಲಿ, ಗೋಡೆಗೆ ಒರಗಿಸಿ, ಅಡಿಗೆ ಎರಡು ಮರದ ತುಂಡು ಕೊಟ್ಟು ಪೂರ್ತಿ ಒಣಗಲು ಬಿಟ್ಟೆವು.

ಸಿಲಿಕೋನ್ ಹಾಕಿ ಇಡೀ ಬೆನ್ನನ್ನೇ ಟೈಲ್ಸಿಗೆ ಅಂಟಿಸಿದ ಕನ್ನಡಿಯಾದರೆ ಈ ಕೆಲಸ ಇಷ್ಟು ಸುಲಭವಲ್ಲ. ಹಿಂದಿನಿಂದ ಸಣ್ಣ ತಂತಿ ತೂರಿಸಿ ಗರಗಸದ ಹಾಗೆ ಎಳೆದು ಬಿಡಿಸಬೇಕು, ಅನುಭವ ಇದ್ದವರು ಜೊತೆಗಿರಬೇಕು. ನೀವೇ ಕೈ ಹಾಕಬೇಡಿ.

ಮುಂಭಾಗದ ಕಲೆಗಳದ್ದು ಬೇರೆಯದೇ ಲೆಕ್ಕ. ಉಗುರಿನಿಂದ ಕೆರೆದರೆ ಒರಟಾಗಿ ಸಿಗುವುದು ಗಡಸು ನೀರಿನ ಸುಣ್ಣ. ಅದು ಹೋಗುತ್ತದೆ. ಸಮ ಸಮ ವಿನೆಗರ್ ಮತ್ತು ನೀರು ಬೆರೆಸಿ, ಹಳೆ ಪಂಚೆಯ ತುಂಡು ಅದ್ದಿ ಹಿಂಡಿ, ಕನ್ನಡಿಯನ್ನು ಮಲಗಿಸಿ ಕಲೆಯ ಮೇಲೆ ಹಾಸಿಬಿಟ್ಟೆ. ಅಂಚಿಗೆ ತಾಗದಂತೆ ನಾಲ್ಕೂ ಕಡೆ ಒಂದೊಂದು ಬೆರಳಷ್ಟು ಜಾಗ ಬಿಟ್ಟಿದ್ದೆ. ಹುಳಿಗೆ ಸುಣ್ಣ ಕರಗುತ್ತದೆ. ನಿಂಬೆಹಣ್ಣಾದರೂ ಆಗುತ್ತದೆ. ಹತ್ತು ನಿಮಿಷ ಬಿಟ್ಟು ಒರೆಸಿ, ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಒಣಬಟ್ಟೆ ಹಾಕುವಾಗ ಮೊದಲು ಅಂಚು, ಆಮೇಲೆ ನಡು. ವರ್ಷಗಟ್ಟಲೆ ಅಂಟಿಸಿ ಕಿತ್ತ ಬಿಂದಿಗಳ ಗೋಂದು ಒಂದು ಕಡೆ ಗಟ್ಟಿಯಾಗಿ ಕೂತಿತ್ತು. ಅದಕ್ಕೆ ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗಿ ಬರುತ್ತದೆ. ಪಾತ್ರೆ ಉಜ್ಜುವ ಸ್ಟೀಲ್ ಜುಂಗನ್ನು ಮಾತ್ರ ಕನ್ನಡಿಯ ಹತ್ತಿರಕ್ಕೂ ತರಬೇಡಿ.

ಎಷ್ಟು ಉಜ್ಜಿದರೂ ಹೋಗದ ಒಂದು ಮಂಜು ನಲ್ಲಿಯ ನೇರಕ್ಕೆ ಉಳಿಯಿತು. ಅದು ಗಾಜಿನ ಮೇಲೆ ಕೂತ ಕಲೆಯಲ್ಲ. ನೀರು ಅಲ್ಲೇ ನಿಂತು ನಿಂತು ಗಾಜನ್ನೇ ಸವೆಸಿದೆ. ಸೀರಿಯಂ ಆಕ್ಸೈಡ್ ಪುಡಿ ಹಾಕಿ ಪಾಲಿಶ್ ಮಾಡಿದರೆ ಅಂಥದ್ದು ಸ್ವಲ್ಪ ಮಟ್ಟಿಗೆ ಹೋಗುತ್ತದೆ. ಅಷ್ಟು ಕೆಲಸಕ್ಕೆ ಅದು ಯೋಗ್ಯ ಅನಿಸಲಿಲ್ಲ. ಬಿಟ್ಟೆ.

ಬೆಳ್ಳಿ ಮತ್ತೆ ಹಾಕಬಹುದೇ?

ಈ ಪ್ರಶ್ನೆ ನನಗೆ ಬಂದೇ ಬಂತು, ಯಾಕೆಂದರೆ ಗಾಜಿಗೆ ಬೆಳ್ಳಿ ಕೂರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಿ.ಎಸ್ಸಿ. ಓದುವಾಗ ಕೆಮಿಸ್ಟ್ರಿ ಲ್ಯಾಬಿನಲ್ಲಿ ಟಾಲೆನ್ಸ್ ಪರೀಕ್ಷೆ ಇತ್ತು. ಸಿಲ್ವರ್ ನೈಟ್ರೇಟ್, ಅಮೋನಿಯ ಸೇರಿಸಿದ ದ್ರಾವಣಕ್ಕೆ ಸ್ವಲ್ಪ ಗ್ಲೂಕೋಸ್ ಹಾಕಿ, ಟೆಸ್ಟ್ ಟ್ಯೂಬನ್ನು ಬಿಸಿನೀರಿನ ಬೀಕರಿನಲ್ಲಿ ಇಳಿಸಿ ಕಾಯಬೇಕು. ಮೊದಲು ಏನೂ ಇಲ್ಲ. ಆಮೇಲೆ ದ್ರಾವಣ ಕಂದಾಗುತ್ತದೆ, ಕೆಟ್ಟುಹೋಯಿತೇನೋ ಅನಿಸುತ್ತದೆ. ನೋಡನೋಡುತ್ತಲೇ ಟ್ಯೂಬಿನ ಒಳಗೋಡೆ ಹೊಳೆಯತೊಡಗುತ್ತದೆ, ನಮ್ಮ ಬೆರಳು, ಮೇಲಿನ ಟ್ಯೂಬ್‌ಲೈಟ್ ಎಲ್ಲ ಅದರಲ್ಲಿ ಬಾಗಿ ಕಾಣುತ್ತವೆ. ಪಕ್ಕದ ಗೆಳತಿ ನನ್ನ ಟ್ಯೂಬನ್ನು ಕಸಿದುಕೊಂಡು ಕುಂಕುಮ ಸರಿಮಾಡಿಕೊಂಡಿದ್ದಳು. ಅದನ್ನು ಮನೆಗೆ ಒಯ್ಯುವ ಆಸೆ ನಮಗೆಲ್ಲ. ಲೆಕ್ಚರರ್ ಬಿಡಲಿಲ್ಲ. ದ್ರಾವಣವನ್ನು ಇಟ್ಟರೆ ಸಿಡಿಯುವ ವಸ್ತು ಹುಟ್ಟುತ್ತದೆ, ಈಗಲೇ ಚೆಲ್ಲಿ ತೊಳೆಯಿರಿ ಎಂದು ಗದರಿಸಿದ್ದರು.

ಅವರು ಹೇಳಿದ್ದು ನಿಜ. ಮನೆಯಲ್ಲಿ ಅದನ್ನು ಮಾಡಲು ಹೋಗಬಾರದು. ಅಪಾಯದ ಮಾತು ಬಿಟ್ಟರೂ, ಹಳೆಯ ಬೆಳ್ಳಿಯನ್ನೂ ಬಣ್ಣವನ್ನೂ ಪೂರ್ತಿ ತೆಗೆದು, ಗಾಜನ್ನು ಒಂದು ಬೆರಳ ಗುರುತೂ ಇಲ್ಲದಂತೆ ತೊಳೆದು, ಸಮನಾಗಿ ಬೆಳ್ಳಿ ಹಾಕಿ, ಮತ್ತೆ ಬಣ್ಣ ಬಳಿಯಬೇಕು. ಅಜ್ಜನ ಕಾಲದ, ಇನ್ನೊಂದು ಸಿಗದಂಥ ಕನ್ನಡಿಯಾದರೆ ಆ ಕೆಲಸ ಬಲ್ಲವರನ್ನು ಹುಡುಕಬಹುದು. ಬಚ್ಚಲಿನ ಕನ್ನಡಿಗೆ ಅದು ಬೇಡ. ಹೋದ ಬೆಳ್ಳಿ ಹೋಯಿತು. ಇರುವುದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ನಮ್ಮ ಕೈಯಲ್ಲಿರುವ ರಿಪೇರಿ.

ಒಂದೂವರೆ ಇಂಚು

ಕಪ್ಪಾದ ಭಾಗವನ್ನು ಕತ್ತರಿಸಿ ತೆಗೆಸಿದರೆ ಹೇಗೆ ಎಂದು ಹೊಳೆದದ್ದು ಆಗ. ಚಾದರದಲ್ಲಿ ಸುತ್ತಿಕೊಂಡು ನಮ್ಮ ರಸ್ತೆಯ ಕೊನೆಯ ಗಾಜು-ಪ್ಲೈವುಡ್ ಅಂಗಡಿಗೆ ಹೋದೆವು. ಅಂಗಡಿಯವರು ವಯಸ್ಸಾದವರು. ಕನ್ನಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಬೆನ್ನನ್ನು ಬೆರಳಿನಿಂದ ತಟ್ಟಿ ನೋಡಿದರು.

"ಹೊಸದೇ ಹಾಕ್ಸಿ ಮೇಡಂ, ಇದಕ್ಕ್ಯಾಕೆ ಕಷ್ಟಪಡ್ತೀರಾ?"

"ಮೇಲುಗಡೆ ಚೆನ್ನಾಗಿದೆಯಲ್ಲ?"

"ಮಾಲು ಒಳ್ಳೇದೇ. ಈಗ ಬರೋದಕ್ಕಿಂತ ಒಳ್ಳೇದು." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ಕೆಳಗಡೆ ಒಂದೂವರೆ ಇಂಚು ತೆಗೀಬೇಕು. ಹಳೇ ಗಾಜು. ಗೆರೆ ಬಿಟ್ಟು ಬೇರೆ ಕಡೆ ಓಡಿದ್ರೆ ನನ್ನ ಕೇಳ್ಬಾರ್ದು."

ಒಪ್ಪಿದೆ. ಕಂಬಳಿ ಹಾಸಿದ ಮೇಜಿನ ಮೇಲೆ ಗಾಜು ಮೇಲ್ಮುಖವಾಗಿ ಬರುವಂತೆ ಮಲಗಿಸಿದರು. ಮರದ ಪಟ್ಟಿ ಇಟ್ಟು ಅಳೆದರು. ಕಟ್ಟರಿನ ತುದಿಯನ್ನು ಸೀಮೆಎಣ್ಣೆಗೆ ಅದ್ದಿ, ಆ ಕಡೆಯಿಂದ ಈ ಕಡೆಗೆ ಒಂದೇ ಉಸಿರಿಗೆ ಎಳೆದರು. ಕಿರ್ರೆಂದು ಸದ್ದಾಯಿತು. ಗೆರೆ ಕಂಡೂ ಕಾಣದಷ್ಟು ಸಣ್ಣದು. ಇನ್ನೊಮ್ಮೆ ಎಳೆಯುವುದಿಲ್ಲವೇ ಎಂದು ಕೇಳಿದೆ. "ಒಂದೇ ಸಲ ಮೇಡಂ. ಅದೇ ಗೆರೆ ಮೇಲೆ ಎರಡನೇ ಸಲ ಹೋದ್ರೆ ಗಾಜೂ ಹೋಗುತ್ತೆ, ಕಟ್ಟರೂ ಹೋಗುತ್ತೆ" ಎಂದರು. ಆಮೇಲೆ ಗೆರೆಯನ್ನು ಮೇಜಿನ ಅಂಚಿಗೆ ಸರಿಯಾಗಿ ತಂದು, ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಒತ್ತಿದರು. ಟಕ್ ಎಂದು ಬಿಟ್ಟಿತು. ಹಿಂದಿನ ಬಣ್ಣ ಮಾತ್ರ ಬಿಡದೆ ಹಿಡಿದುಕೊಂಡಿತ್ತು, ಅದನ್ನು ಬ್ಲೇಡಿನಿಂದ ಕೊಯ್ದರು. ಕಪ್ಪು ಪಟ್ಟಿ ಅವರ ಕೈಯಲ್ಲಿ, ಕನ್ನಡಿ ಮೇಜಿನ ಮೇಲೆ. ಈ ಕಡೆ ಒಂದು ಚುಕ್ಕೆಯೂ ಉಳಿದಿರಲಿಲ್ಲ. ಅವರ ಮುಖದಲ್ಲೂ ಸಂತೋಷ ಕಂಡಿತು. ಇಂಥ ಕೆಲಸ ಈಗ ಯಾರೂ ತರುವುದಿಲ್ಲ ಎಂದರು. ಅಂಚನ್ನು ಕಲ್ಲಿಗೆ ನೀರು ಹಾಕಿ ಉಜ್ಜಿ, ಕೈ ಕೊಯ್ಯದಂತೆ ಮಾಡಿಕೊಟ್ಟರು. ಹೊಸ ಕನ್ನಡಿಯ ಬೆಲೆಯ ಕಾಲು ಭಾಗವೂ ಆಗಲಿಲ್ಲ.

ಇಲ್ಲಿ ಒಂದು ಮಾತು ಮರೆಯಬಾರದು. ಹೊಸದಾಗಿ ಕತ್ತರಿಸಿದ ಅಂಚಿನಲ್ಲಿ ಬೆಳ್ಳಿ ಮತ್ತೆ ಬರಿಮೈಯಲ್ಲಿ ನಿಲ್ಲುತ್ತದೆ. ಹಾಗೇ ಗೋಡೆಗೆ ಹಾಕಿದರೆ ಕೆಲವೇ ವರ್ಷದಲ್ಲಿ ಮೊದಲಿನ ಕತೆಯೇ. ಮನೆಗೆ ಬಂದು ಅಂಚನ್ನು ಚೆನ್ನಾಗಿ ಒಣಗಿಸಿ, ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿದೆ. ಒಂದು ಕೋಟ್ ಒಣಗಿದ ಮೇಲೆ ಇನ್ನೊಂದು. ನಾಲ್ಕೂ ಅಂಚಿಗೆ, ಉಳಿದ ಎರಡು ಸ್ಕ್ರೂ ತೂತಿನ ಒಳಗೂ, ಹಿಂದೆ ಬಣ್ಣದ ಮೇಲೆ ಸ್ವಲ್ಪ ಹತ್ತುವ ಹಾಗೆ. ಪೇಂಟ್ ಅಂಗಡಿಯ ಕ್ಲಿಯರ್ ಲ್ಯಾಕರ್ ಇದ್ದರೂ ಆಗುತ್ತದೆ.

ಕತ್ತರಿಸಲು ಮನಸ್ಸಿಲ್ಲದವರು ಸುತ್ತ ಬೀಡಿಂಗ್ ಹೊಡೆಸಿ ಕಪ್ಪು ಮುಚ್ಚಬಹುದು. ಬಹಳ ಜನ ಹಾಗೆ ಮಾಡುತ್ತಾರೆ, ನೋಡಲೂ ಚೆನ್ನಾಗಿರುತ್ತದೆ. ಆದರೆ ಕೆಳಗಿನ ಪಟ್ಟಿ ನೀರು ಹಿಡಿದಿಟ್ಟರೆ ಕಪ್ಪು ಅದರ ಮರೆಯಲ್ಲೇ ಬೆಳೆದು ಒಂದು ದಿನ ಮೇಲೆ ಹಣಕುತ್ತದೆ. ಮರಕ್ಕಿಂತ ಅಲ್ಯೂಮಿನಿಯಂ ಪಟ್ಟಿ ವಾಸಿ, ಕೆಳಗೆ ನೀರಿಳಿಯಲು ಎರಡು ತೂತು ಬೇಕೇ ಬೇಕು. ಇನ್ನು "ಕಲೆಯಾದ ಕನ್ನಡಿ ಮನೆಯಲ್ಲಿ ಇರಬಾರದು" ಎಂಬ ಹಿರಿಯರ ಮಾತು ನನ್ನ ಅಮ್ಮನದೂ ಹೌದು. ಒಡೆದ ಕನ್ನಡಿಯ ಬಗ್ಗೆ ನಾನೂ ಅದನ್ನು ಪಾಲಿಸುತ್ತೇನೆ, ಕೈಗೆ ಕಾಲಿಗೆ ಗಾಯವಾಗುತ್ತದೆ. ಅಂಚು ಕಪ್ಪಾದದ್ದಕ್ಕೆ ಆ ಶಿಕ್ಷೆ ಜಾಸ್ತಿ. ಅದೂ ಅಲ್ಲದೆ ಎಸೆಯುವುದಾದರೂ ಎಲ್ಲಿಗೆ? ಬೆನ್ನಿಗೆ ಲೋಹ, ಬಣ್ಣ ಇರುವ ಈ ಗಾಜನ್ನು ಬಾಟಲಿಗಳ ಜೊತೆ ಕರಗಿಸುವುದಿಲ್ಲ. ನಮ್ಮ ಗುಜರಿಯವರು ಕೈಯಲ್ಲೂ ಮುಟ್ಟಲಿಲ್ಲ.

ಮತ್ತೆ ಗೋಡೆಗೆ

ಮೇಲಿನ ಎರಡು ಸ್ಕ್ರೂಗಳಿಗೆ ಟೈಲ್ಸಿಗೂ ಗಾಜಿಗೂ ನಡುವೆ ದಪ್ಪ ರಬ್ಬರ್ ವಾಷರ್ ಹಾಕಿದೆವು. ಕೆಳಗೆ ಎರಡು ಸ್ಟೀಲ್ ಎಲ್ ಕ್ಲಿಪ್, ಅದರೊಳಗೂ ರಬ್ಬರ್ ತುಂಡು. ಈಗ ಕನ್ನಡಿಯ ಹಿಂದೆ ಬೆರಳಿನ ತುದಿ ಹೋಗುವಷ್ಟು ಜಾಗ ಇದೆ. ಆ ಎರಡು ಕ್ಲಿಪ್ ಬಿಟ್ಟರೆ ಕೆಳ ಅಂಚು ಯಾವುದಕ್ಕೂ ತಾಗಿಲ್ಲ, ನೀರು ಹನಿದು ಹೋಗುತ್ತದೆ. ಸಿಮೆಂಟ್ ಇಲ್ಲ, ಸಿಲಿಕೋನೂ ಇಲ್ಲ. ಸ್ನಾನ ಆದ ಮೇಲೆ ಸ್ವಲ್ಪ ಹೊತ್ತು ಎಕ್ಸಾಸ್ಟ್ ಫ್ಯಾನ್ ಹಾಕಿ ಬಾಗಿಲು ತೆರೆದಿಡುತ್ತೇವೆ. ಒರೆಸುವ ದ್ರವವನ್ನು ಬಟ್ಟೆಗೆ ಹಾಕಿಕೊಳ್ಳುತ್ತೇವೆ, ಕನ್ನಡಿಗಲ್ಲ.

ನಮ್ಮ ಮೇಲಿನ ಮಹಡಿಯ ಮನೆಯಲ್ಲಿ ಈಗ ಬಚ್ಚಲು ಹೊಸದು ಮಾಡಿಸುತ್ತಿದ್ದಾರೆ. ಅಳತೆಯ ಕನ್ನಡಿ ಬಂದು ಗೋಡೆಗೆ ಒರಗಿಕೊಂಡಿತ್ತು, ಕಾರ್ಪೆಂಟರ್ ಸಿಲಿಕೋನ್ ಗನ್ ಹಿಡಿದು ನಿಂತಿದ್ದರು. ಟ್ಯೂಬಿನ ಬಾಯಿಯಿಂದ ವಿನೆಗರ್ ವಾಸನೆ ಬರುತ್ತಿತ್ತು. ಆ ವಾಸನೆಯ ಸಿಲಿಕೋನ್ ಒಣಗುವಾಗ ಬಿಡುವ ಆಮ್ಲ ಕನ್ನಡಿಯ ಬೆನ್ನನ್ನು ತಿನ್ನುತ್ತದೆ, ನ್ಯೂಟ್ರಲ್ ಎಂದು ಬರೆದದ್ದು ಸಿಗುತ್ತದೆ, ಅದೇ ತರಿಸಿ ಎಂದು ಹೇಳಿದೆ. ಅವರು ಟ್ಯೂಬ್ ತಿರುಗಿಸಿ ಓದಿ, ಹುಡುಗನನ್ನು ಅಂಗಡಿಗೆ ಕಳಿಸಿದರು. ಕಾಯುವ ಹೊತ್ತಿನಲ್ಲಿ ಅವರಿಗೆ ನಮ್ಮ ಕ್ಲಿಪ್ಪು, ವಾಷರ್ ತೋರಿಸಿದೆ. ಹುಡುಗ ವಾಪಸ್ ಬರುವಷ್ಟರಲ್ಲಿ ಮನೆಯವರು ಸಿಲಿಕೋನ್ ಬೇಡವೇ ಬೇಡ, ಕ್ಲಿಪ್ಪೇ ಹಾಕಿ ಎಂದು ತೀರ್ಮಾನಿಸಿದ್ದರು. ಕೆಳಗಿನ ಸಂದಿಗೆ ಬಿಳಿ ಸಿಮೆಂಟ್ ತುಂಬುವ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಸಂದಿ ಬಿಟ್ಟರೆ ಚೆಂದ ಕಾಣುವುದಿಲ್ಲ ಎಂದು ಮೇಸ್ತ್ರಿ ಪಟ್ಟು ಹಿಡಿದಿದ್ದಾರೆ. ನಾಳೆ ಬೆಳಿಗ್ಗೆ ಮನೆಯವರು ಅವರನ್ನು ಕರೆದುಕೊಂಡು ಬಂದು ನಮ್ಮ ಕನ್ನಡಿ ತೋರಿಸುತ್ತಾರಂತೆ.